ಯಾರ ಭಯ, ಯಾರ ಕಾಯ್ದೆ?

1

ನಮ್ಮ ದಲಿತ ವಿಮರ್ಶೆ ಇಷ್ಟು ದಿನ ಓದುತ್ತ ಬಂದಿರುವುದು ಕತೆ, ಕವಿತೆ, ಕಾದಂಬರಿ, ಆತ್ಮಕತೆಗಳನ್ನು. ಕಾನೂನಿನ ಪುಸ್ತಕವನ್ನು ಅದು ವಕೀಲರಿಗೆ ಬಿಟ್ಟುಕೊಟ್ಟಿದೆ. ಇದು ಸ್ವಲ್ಪ ವಿಚಿತ್ರವೇ. ಈ ದೇಶದಲ್ಲಿ ದಲಿತರ ಬದುಕಿನ ದಿಕ್ಕು ಬದಲಿಸಿದ ಅತಿ ದೊಡ್ಡ ಪಠ್ಯ ಸಂವಿಧಾನ. ಅದನ್ನು ಬರೆದವರ ಕಡೆಯವರು ನಾವು ಅಂತ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆದರೆ ಅದೇ ಸಂವಿಧಾನದ ನೆರಳಿನಲ್ಲಿ ಕೂತು ಪ್ರಭುತ್ವ ಬರೆದ ಉಳಿದ ಪಠ್ಯಗಳನ್ನು ಶಬ್ದ ಶಬ್ದ ಹಿಡಿದು ಓದುವ ಕೆಲಸ ನಮ್ಮಲ್ಲಿ ನಡೆದದ್ದು ಕಡಿಮೆ. ಬಾಬಾಸಾಹೇಬರು 1927ರ ಡಿಸೆಂಬರ್ 25ರಂದು ಮಹಾಡದಲ್ಲಿ ಮನುಸ್ಮೃತಿಯನ್ನು ಸುಟ್ಟರು. ಸುಡುವ ಮುಂಚೆ ಅದನ್ನು ಓದಿದ್ದರು ಅನ್ನೋದನ್ನ ನಾವು ಮರೆಯಬಾರದು.

ನಾನಿಲ್ಲಿ ಓದಲು ಎತ್ತಿಕೊಂಡಿರುವುದು ಭಯೋತ್ಪಾದನೆ ತಡೆಯುವುದಕ್ಕೆಂದು ನಮ್ಮ ಪಾರ್ಲಿಮೆಂಟು ಮಾಡಿದ ಕಾಯ್ದೆಗಳನ್ನು: ಟಾಡಾ, ಪೋಟಾ, ಯುಎಪಿಎ. ಜೊತೆಗೆ ಈ ಕಾಯ್ದೆಗಳನ್ನು ಪಾರ್ಲಿಮೆಂಟು ತಾನೇ ತಿರುಗಿ ನೋಡಿದ ಬಗೆಯನ್ನೂ. ಶಾಸನಸಭೆ ಮಾಡುವ ಮರುಪರಿಶೀಲನೆಯೂ ಒಂದು ಬಗೆಯ ವಿಮರ್ಶೆಯೇ. ಅದಕ್ಕೂ ಒಂದು ನೆಲೆ ಇರುತ್ತದೆ, ಒಂದು ಕುರುಡು ಇರುತ್ತದೆ. ಆ ಕುರುಡು ಯಾವ ಕೇರಿಯ ಕಡೆಗಿದೆ ಅನ್ನುವುದು ನನ್ನ ಪ್ರಶ್ನೆ.

2

ಮೊದಲು ಚರಿತ್ರೆ. ಇಂದಿರಾ ಗಾಂಧಿ ಹತ್ಯೆಯ ಮರುವರ್ಷ, 1985ರ ಮೇ ತಿಂಗಳಲ್ಲಿ ಟಾಡಾ ಬಂತು. ಅದರ ಆಯುಸ್ಸು ಎರಡೇ ವರ್ಷ. 1987ರಲ್ಲಿ ಅದನ್ನೇ ಇನ್ನಷ್ಟು ಬಿಗಿ ಮಾಡಿ ಹೊಸದಾಗಿ ತಂದರು. ಅದಕ್ಕೂ ಎರಡು ವರ್ಷದ ಗಡುವು. 1989, 1991, 1993ರಲ್ಲಿ ಗಡುವು ಮುಗಿದಾಗಲೆಲ್ಲ ಮುಂದಕ್ಕೆ ಹಾಕುತ್ತ ಹೋದರು. ಹೀಗೆ ಗಡುವು ಇಡುವುದರ ಉದ್ದೇಶವೇ ಪರಿಶೀಲನೆ: ಎರಡು ವರ್ಷಕ್ಕೊಮ್ಮೆ ಸದನ ಕೂತು, ಈ ಕಾಯ್ದೆ ಯಾರನ್ನು ಹಿಡಿಯಿತು, ಯಾರನ್ನು ಬಿಟ್ಟಿತು ಅಂತ ಲೆಕ್ಕ ಕೇಳಬೇಕು. ಆದದ್ದು ಮಾತ್ರ ಲೈಸೆನ್ಸ್ ರಿನ್ಯೂವಲ್ ಥರ.

1994ರ ಹೊತ್ತಿಗೆ ಟಾಡಾದಡಿ ಬಂಧಿತರಾದವರು 76 ಸಾವಿರಕ್ಕೂ ಹೆಚ್ಚು ಜನ. ಶಿಕ್ಷೆಯಾದವರು ನೂರಕ್ಕೆ ಇಬ್ಬರೂ ಇಲ್ಲ. ಆ ಕಾಲದಲ್ಲಿ ಭಯೋತ್ಪಾದನೆಯ ಸುದ್ದಿಯೇ ಅಷ್ಟಾಗಿ ಇಲ್ಲದಿದ್ದ ಗುಜರಾತ್ ಬಂಧಿತರ ಸಂಖ್ಯೆಯಲ್ಲಿ ಮುಂಚೂಣಿಯಲ್ಲಿತ್ತು. 1995ರ ಫೆಬ್ರವರಿಯಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ಅಧ್ಯಕ್ಷರಾಗಿದ್ದ ರಂಗನಾಥ ಮಿಶ್ರ ಅವರು ಪಾರ್ಲಿಮೆಂಟಿನ ಸದಸ್ಯರಿಗೆಲ್ಲ ಪತ್ರ ಬರೆದು, ಇದನ್ನು ಮತ್ತೆ ಮುಂದುವರಿಸಬೇಡಿ ಎಂದು ಕೇಳಿಕೊಂಡರು. ಆ ವರ್ಷದ ಮೇ ತಿಂಗಳಲ್ಲಿ ಟಾಡಾ ತೀರಿಕೊಂಡಿತು.

ಆದರೆ ಕಾಯ್ದೆ ಸತ್ತರೂ ಕೇಸು ಸಾಯಲಿಲ್ಲ. ಹಳೆಯ ಪ್ರಕರಣಗಳೆಲ್ಲ ಅದೇ ಕಾಯ್ದೆಯಡಿ ನಡೆಯುತ್ತಲೇ ಇದ್ದವು. ಇದಕ್ಕೆ ಉದಾಹರಣೆ ನಮ್ಮ ನೆಲದಲ್ಲೇ ಇದೆ. ವೀರಪ್ಪನ್ ಬೇಟೆಯ ಹೆಸರಿನಲ್ಲಿ ಮಲೆಮಹದೇಶ್ವರ ಬೆಟ್ಟದ ಸುತ್ತಿನ ಕಾಡಂಚಿನ ಊರುಗಳಿಂದ ಹಿಡಿದು ತಂದ ಜನ, ಟಾಡಾ ಹೋದ ಐದಾರು ವರ್ಷದ ಮೇಲೂ ಟಾಡಾ ಕೈದಿಗಳಾಗಿ ಮೈಸೂರು ಜೈಲಿನಲ್ಲಿದ್ದರು. 2000ದಲ್ಲಿ ರಾಜಕುಮಾರ್ ಅಪಹರಣವಾದಾಗ ಇವರ ಬಿಡುಗಡೆ ವೀರಪ್ಪನ್‌ನ ಬೇಡಿಕೆಗಳಲ್ಲಿ ಒಂದಾಯಿತು. ಆಗಷ್ಟೇ ನಾಡಿಗೆ ಇವರು ಇದ್ದಾರೆ ಅಂತ ಗೊತ್ತಾದದ್ದು! 2001ರ ಸೆಪ್ಟೆಂಬರ್‌ನಲ್ಲಿ ಮೈಸೂರಿನ ವಿಶೇಷ ನ್ಯಾಯಾಲಯ ಇವರಲ್ಲಿ ಬಹುಪಾಲು ಜನರನ್ನು ಖುಲಾಸೆ ಮಾಡಿತು. ಕಾರ್ಯಪಡೆಯ ದೌರ್ಜನ್ಯದ ದೂರುಗಳನ್ನು ನ್ಯಾಯಮೂರ್ತಿ ಸದಾಶಿವ ಅವರ ನೇತೃತ್ವದ ಸಮಿತಿ ವಿಚಾರಿಸಿತು. 2007ರಲ್ಲಿ ಮಾನವ ಹಕ್ಕುಗಳ ಆಯೋಗ 89 ಜನರಿಗೆ ಒಟ್ಟು 2 ಕೋಟಿ 80 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಪರಿಹಾರ ಕೊಟ್ಟ ಮೇಲೆ ತಪ್ಪು ನಡೆದಿದೆ ಅಂತಾಯಿತಲ್ಲ? ಹಾಗಿದ್ದರೆ ಆ ತಪ್ಪಿಗೆ ದಾರಿ ಮಾಡಿಕೊಟ್ಟ ಕಾಯ್ದೆಯ ಬಗ್ಗೆ ಪಾರ್ಲಿಮೆಂಟು ಪಾಠ ಕಲಿಯಬೇಕಿತ್ತು.

ಕಲಿತದ್ದು ಬೇರೆ ಪಾಠ. 2001ರ ಅಕ್ಟೋಬರ್‌ನಲ್ಲಿ ಸುಗ್ರೀವಾಜ್ಞೆಯಾಗಿ ಪೋಟಾ ಬಂತು. ರಾಜ್ಯಸಭೆ ಅದನ್ನು ತಿರಸ್ಕರಿಸಿತು. 2002ರ ಮಾರ್ಚ್ 26ರಂದು ಎರಡೂ ಸದನಗಳನ್ನು ಒಟ್ಟಿಗೆ ಕೂರಿಸಿ 425ಕ್ಕೆ 296 ಮತಗಳಿಂದ ಪಾಸು ಮಾಡಿಕೊಂಡರು. ಅದಕ್ಕೆ ಮೂರು ವರ್ಷದ ಗಡುವಿತ್ತು, ಪರಿಶೀಲನಾ ಸಮಿತಿಯಿತ್ತು. 2004ರಲ್ಲಿ ಹೊಸ ಸರ್ಕಾರ ಬಂದು ಪೋಟಾ ರದ್ದು ಮಾಡಿತು. ನಮ್ಮವರೂ ಚಪ್ಪಾಳೆ ತಟ್ಟಿದರು. ಆದರೆ ಅದೇ ದಿನ ಅದೇ ಸರ್ಕಾರ 1967ರ ಹಳೆಯ ಯುಎಪಿಎಗೆ ತಿದ್ದುಪಡಿ ತಂದು, ಪೋಟಾದ ಭಯೋತ್ಪಾದನೆಯ ಅಧ್ಯಾಯಗಳನ್ನು ಅದರೊಳಗೆ ಸೇರಿಸಿತು. ಒಂದು ವ್ಯತ್ಯಾಸವಿತ್ತು. ಯುಎಪಿಎಗೆ ಗಡುವೇ ಇಲ್ಲ. ಮುಂಬೈ ದಾಳಿಯ ನಂತರ 2008ರ ಡಿಸೆಂಬರ್‌ನಲ್ಲಿ ಇನ್ನೊಂದು ತಿದ್ದುಪಡಿ ಎರಡೇ ದಿನಗಳಲ್ಲಿ ಎರಡೂ ಸದನ ದಾಟಿತು. 2019ರಲ್ಲಿ ಸಂಘಟನೆಗಳನ್ನಷ್ಟೇ ಅಲ್ಲ, ಒಬ್ಬ ವ್ಯಕ್ತಿಯನ್ನೂ ಭಯೋತ್ಪಾದಕ ಅಂತ ಸರ್ಕಾರವೇ ಘೋಷಿಸುವ ಅಧಿಕಾರ ಬಂತು. ಆಯ್ಕೆ ಸಮಿತಿಗೆ ಕಳಿಸಿ ಅನ್ನುವ ಬೇಡಿಕೆಯನ್ನು ರಾಜ್ಯಸಭೆ ತಳ್ಳಿಹಾಕಿತು. 2023ರ ಡಿಸೆಂಬರ್‌ನಲ್ಲಿ, ವಿರೋಧ ಪಕ್ಷಗಳ 140ಕ್ಕೂ ಹೆಚ್ಚು ಸದಸ್ಯರು ಅಮಾನತಿನಲ್ಲಿ ಹೊರಗಿದ್ದಾಗ, ಭಾರತೀಯ ನ್ಯಾಯ ಸಂಹಿತೆ ಪಾಸಾಯಿತು. ಅದರ 113ನೇ ಕಲಮಿನ ಮೂಲಕ ಭಯೋತ್ಪಾದನೆ ಸಾಮಾನ್ಯ ಅಪರಾಧ ಕಾನೂನಿನೊಳಗೇ ಬಂದು ಕೂತಿದೆ. ಕೇಸನ್ನು ಈ ಕಲಮಿನಡಿ ಹಾಕಬೇಕೋ ಯುಎಪಿಎ ಅಡಿ ಹಾಕಬೇಕೋ ಅಂತ ತೀರ್ಮಾನಿಸುವುದು ಎಸ್.ಪಿ. ದರ್ಜೆಯ ಅಧಿಕಾರಿ. ಯುಎಪಿಎಯಲ್ಲಿ ಮೊಕದ್ದಮೆಗೆ ಮುಂಚೆ ಸರ್ಕಾರದ ಮಂಜೂರಾತಿ ಬೇಕು. ಹೊಸ ಕಲಮಿಗೆ ಆ ಶರತ್ತೂ ಇಲ್ಲ.

ಈ ನಲವತ್ತು ವರ್ಷದ ಕತೆಯನ್ನು ಒಂದೇ ಮಾತಿನಲ್ಲಿ ಹೇಳಬಹುದು: ತಾತ್ಕಾಲಿಕ ಅಂತ ಬಂದದ್ದು ಕಾಯಂ ಆಯಿತು, ಪರಿಶೀಲನೆ ಅನ್ನುವುದು ಸವೆದು ಸವೆದು ಕೊನೆಗೆ ಇಲ್ಲವೇ ಆಯಿತು.

3

ಈಗ ಪಠ್ಯಕ್ಕೆ ಬರೋಣ. ಭಯೋತ್ಪಾದಕ ಕೃತ್ಯ ಅಂದರೇನು? 1987ರ ಟಾಡಾದಲ್ಲೂ ಇವತ್ತಿನ ಯುಎಪಿಎಯ 15ನೇ ಕಲಮಿನಲ್ಲೂ ಇರುವ ಒಂದು ಮಾತನ್ನು ಕನ್ನಡದಲ್ಲಿ ಬಿಡಿಸಿ ಹೇಳಿದರೆ ಹೀಗಾಗುತ್ತದೆ: ಜನರಲ್ಲಿ ಅಥವಾ ಜನರ ಯಾವುದೇ ಒಂದು ವರ್ಗದಲ್ಲಿ ಭೀತಿ ಹುಟ್ಟಿಸುವ ಉದ್ದೇಶದಿಂದ, ಬಾಂಬು, ಸಿಡಿಮದ್ದು, ಬೆಂಕಿ ಹತ್ತಿಕೊಳ್ಳುವ ವಸ್ತು, ಬಂದೂಕು ಅಥವಾ ಇತರ ಮಾರಕ ಆಯುಧ ಬಳಸಿ ಸಾವುನೋವು ಮಾಡುವುದು.

ಗೆಳೆಯರೆ, ಈ ವಾಕ್ಯವನ್ನು ಕೇರಿಯಲ್ಲಿ ನಿಂತು ಓದಿ. ‘ಜನರ ಯಾವುದೇ ಒಂದು ವರ್ಗ’. ‘ಬೆಂಕಿ ಹತ್ತಿಕೊಳ್ಳುವ ವಸ್ತು’. 2000ದ ಮಾರ್ಚ್ 11ರಂದು ಕೋಲಾರ ಜಿಲ್ಲೆಯ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಮನೆಯೊಳಗೆ ಸುಟ್ಟರು. ಅದು ಆ ಏಳು ಜನರ ಮೇಲಿನ ಸಿಟ್ಟು ಮಾತ್ರವೇ? ಉಳಿದ ಕೇರಿಗೆ, ಸುತ್ತಲ ಊರುಗಳ ಕೇರಿಗಳಿಗೆ ಹೇಳಿದ ಮಾತಲ್ಲವೇ? ಸಾಕ್ಷಿಗಳು ಒಬ್ಬೊಬ್ಬರಾಗಿ ಹೇಳಿಕೆ ಬದಲಿಸಿದರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು, 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಸಾಕ್ಷಿ ಹೇಳಲು ಬಾಯಿ ಬಾರದಷ್ಟು ಹೆದರಿಕೆ ಒಂದು ವರ್ಗದ ಜನರಲ್ಲಿ ಹುಟ್ಟುವುದಕ್ಕೆ ಕಾಯ್ದೆ ಬರೆದವರ ನಿಘಂಟಿನಲ್ಲಿ ಯಾವ ಹೆಸರಿದೆ?

ಕಂಬಾಲಪಲ್ಲಿಯ ಹೊತ್ತಿಗೆ ಟಾಡಾ ಇರಲಿಲ್ಲ, ಪೋಟಾ ಇನ್ನೂ ಬಂದಿರಲಿಲ್ಲ ಅಂತ ಯಾರಾದರೂ ಹೇಳಬಹುದು. ನಿಜ. ಆದರೆ ಆಂಧ್ರದ ಚುಂಡೂರಿನಲ್ಲಿ ಎಂಟು ದಲಿತರನ್ನು ಅಟ್ಟಾಡಿಸಿ ಕೊಂದದ್ದು 1991ರ ಆಗಸ್ಟ್ 6ರಂದು. ಟಾಡಾ ಆಗ ಗಟ್ಟಿಯಾಗಿ ಬದುಕಿತ್ತು. ವಿಚಾರಣೆ ನಡೆದದ್ದು ಟಾಡಾದಡಿ ಅಲ್ಲ, ದೌರ್ಜನ್ಯ ತಡೆ ಕಾಯ್ದೆಯಡಿ. 2007ರಲ್ಲಿ ವಿಶೇಷ ನ್ಯಾಯಾಲಯ ಶಿಕ್ಷೆ ಕೊಟ್ಟಿತು, 2014ರಲ್ಲಿ ಹೈಕೋರ್ಟು ಎಲ್ಲರನ್ನೂ ಬಿಟ್ಟಿತು. ಅದರ ಪಕ್ಕದಲ್ಲಿ ಬಿಹಾರದ ಬಾರಾ ಪ್ರಕರಣ ಇಡಿ. 1992ರ ಫೆಬ್ರವರಿಯಲ್ಲಿ ಅಲ್ಲಿ ನಕ್ಸಲೀಯರ ಗುಂಪು ಮೂವತ್ತಕ್ಕೂ ಹೆಚ್ಚು ಭೂಮಿಹಾರರನ್ನು ಕೊಂದಿತು. ಅದು ಘೋರ ಕೃತ್ಯ, ಅದರಲ್ಲಿ ಎರಡು ಮಾತಿಲ್ಲ. ಅಲ್ಲಿ ಟಾಡಾ ಹಾಕಿದರು. ಆ ನ್ಯಾಯಾಲಯದಲ್ಲಿ ಮರಣದಂಡನೆಗೆ ಗುರಿಯಾದ ನಾಲ್ವರಲ್ಲಿ ಹೆಚ್ಚಿನವರು ದಲಿತರು. 2002ರಲ್ಲಿ ಸುಪ್ರೀಂಕೋರ್ಟಿನ ಬಹುಮತ ಅದನ್ನು ಖಾಯಂ ಮಾಡಿತು, ನ್ಯಾಯಮೂರ್ತಿ ಎಂ.ಬಿ. ಶಾ ಒಪ್ಪಲಿಲ್ಲ. ಆ ಶಿಕ್ಷೆ ಜೀವಾವಧಿಗೆ ಇಳಿದದ್ದು 2017ರಲ್ಲಿ, ರಾಷ್ಟ್ರಪತಿಗಳಿಂದ. ಅದೇ ಬಿಹಾರದ ಲಕ್ಷ್ಮಣಪುರ ಬಾಥೆಯಲ್ಲಿ 1997ರ ಡಿಸೆಂಬರ್ 1ರ ರಾತ್ರಿ ರಣವೀರ ಸೇನೆ 58 ದಲಿತರನ್ನು ಕೊಂದಿತು. ಕೆಳಗಿನ ಕೋರ್ಟು ಶಿಕ್ಷಿಸಿದ್ದ 26 ಮಂದಿಯನ್ನೂ 2013ರಲ್ಲಿ ಪಟ್ನಾ ಹೈಕೋರ್ಟು ಬಿಡುಗಡೆ ಮಾಡಿತು. ಪೋಟಾದ ಪಟ್ಟಿಯಲ್ಲಿ ನಕ್ಸಲ್ ಸಂಘಟನೆಗಳ ಹೆಸರಿತ್ತು. ರಣವೀರ ಸೇನೆಯ ಹೆಸರು ಇರಲಿಲ್ಲ.

ಹಾಗಾದರೆ ಊರಿನವರ ಮೇಲೂ ಯುಎಪಿಎ ಹಾಕಿ ಅನ್ನೋದು ನಮ್ಮ ಬೇಡಿಕೆಯೇ? ಅಲ್ಲ. ಕೆಟ್ಟ ಆಯುಧ ಕೈ ಬದಲಾಯಿಸಿದರೆ ಒಳ್ಳೆಯದಾಗುವುದಿಲ್ಲ. ನಾನು ಹೇಳುತ್ತಿರುವುದು ಓದಿನ ಮಾತು. ಒಂದೇ ವಾಕ್ಯ ಬರೆದಿಟ್ಟುಕೊಂಡು ಅದನ್ನು ಓದುವಾಗ ಕಣ್ಣು ಒಂದು ದಿಕ್ಕಿಗೆ ಮಾತ್ರ ಹೊರಳುತ್ತದೆ. ಪ್ರಭುತ್ವದ ಭಯ ದೇಶದ ಭಯವಾಗುತ್ತದೆ. ಕೇರಿಯ ಭಯ ಕೇರಿಯಲ್ಲೇ ಉಳಿಯುತ್ತದೆ, ಹಳೇ ದ್ವೇಷ, ಹಳ್ಳಿ ಜಗಳ ಅನ್ನಿಸಿಕೊಳ್ಳುತ್ತದೆ.

4

ಇನ್ನೊಂದು ಜೋಡಿ ಪಠ್ಯ ನೋಡಿ. 2018ರ ಮಾರ್ಚ್ 20ರಂದು ಸುಭಾಷ್ ಕಾಶೀನಾಥ್ ಮಹಾಜನ್ ಪ್ರಕರಣದಲ್ಲಿ ಸುಪ್ರೀಂಕೋರ್ಟು 1989ರ ದೌರ್ಜನ್ಯ ತಡೆ ಕಾಯ್ದೆಯ ಹಲ್ಲು ಕಿತ್ತಿತು. ಬಂಧನಕ್ಕೆ ಮುಂಚೆ ಮೇಲಧಿಕಾರಿಯ ಒಪ್ಪಿಗೆ ಬೇಕು, ದೂರು ದಾಖಲಿಸುವ ಮುಂಚೆ ಪ್ರಾಥಮಿಕ ವಿಚಾರಣೆ ಆಗಬಹುದು ಅಂತೆಲ್ಲ ಹೇಳಿತು. ಕಾರಣ, ಕಾಯ್ದೆಯ ದುರುಪಯೋಗ. ತೀರ್ಪಿನಲ್ಲಿ ಒಂದು ಲೆಕ್ಕ ಬರುತ್ತದೆ: 2015ರಲ್ಲಿ ತೀರ್ಮಾನವಾದ 15,638 ಪ್ರಕರಣಗಳಲ್ಲಿ 4,119ರಲ್ಲಿ ಶಿಕ್ಷೆ, 11,024ರಲ್ಲಿ ಖುಲಾಸೆ ಅಥವಾ ಬಿಡುಗಡೆ, 495 ವಾಪಸಾದವು. ಅಂದರೆ ನೂರಕ್ಕೆ ಇಪ್ಪತ್ತಾರರಷ್ಟು ಶಿಕ್ಷೆ.

ಈಗ ಯುಎಪಿಎ ಲೆಕ್ಕ. 2016ರಿಂದ 2019ರವರೆಗೆ ಬಂಧಿತರಾದವರು 5,922, ಶಿಕ್ಷೆಯಾದವರು 132 ಅಂತ ಕೇಂದ್ರ ಗೃಹ ಇಲಾಖೆಯೇ 2021ರಲ್ಲಿ ಪಾರ್ಲಿಮೆಂಟಿಗೆ ಹೇಳಿತು. ಈ ಎರಡು ಲೆಕ್ಕಗಳು ಒಂದೇ ತಕ್ಕಡಿಯವಲ್ಲ. ಒಂದು ತೀರ್ಮಾನವಾದ ಕೇಸುಗಳದ್ದು, ಇನ್ನೊಂದು ಬಂಧನದ್ದು. ಯುಎಪಿಎಯಲ್ಲಿ ಹೆಚ್ಚಿನ ಕೇಸು ಇನ್ನೂ ಬಾಕಿ ಇರುತ್ತವೆ. ಆದರೆ ಆ ಬಾಕಿಯೇ ಶಿಕ್ಷೆ ಅನ್ನುವುದು ಒಳಗಿದ್ದವರಿಗೆ ಗೊತ್ತು. ನಾನು ಕೇಳುವುದು ಅಂಕಿಗಳನ್ನಲ್ಲ, ಅಂಕಿಗಳನ್ನು ಓದುವ ಕ್ರಮವನ್ನು. ದಲಿತ ಕೊಟ್ಟ ದೂರು ಬಿದ್ದುಹೋದರೆ ದಲಿತ ಸುಳ್ಳು ಹೇಳಿದ. ಪೊಲೀಸ್ ಹಾಕಿದ ಯುಎಪಿಎ ಕೇಸು ಬಿದ್ದುಹೋದರೆ ಕಾಯ್ದೆಗೆ ಇನ್ನಷ್ಟು ಬಲ ಬೇಕು! ಶಿಕ್ಷೆ ಕಡಿಮೆ ಅನ್ನುವ ಒಂದೇ ಸಂಗತಿ ಒಂದು ಕಡೆ ಕಾಯ್ದೆ ಸಡಿಲಿಸಲು ಕಾರಣ, ಇನ್ನೊಂದು ಕಡೆ ಬಿಗಿಗೊಳಿಸಲು ಕಾರಣ.

2018ರ ಏಪ್ರಿಲ್ 2ರಂದು ದಲಿತರು ಬೀದಿಗೆ ಬಂದರು. ಭಾರತ ಬಂದ್‌ನಲ್ಲಿ ಪ್ರಾಣಗಳು ಹೋದವು. ಆಗಸ್ಟ್‌ನಲ್ಲಿ ಪಾರ್ಲಿಮೆಂಟು ತಿದ್ದುಪಡಿ ತಂದು ಕಾಯ್ದೆಯನ್ನು ಉಳಿಸಿಕೊಂಡಿತು, 2019ರ ಅಕ್ಟೋಬರ್ 1ರಂದು ಕೋರ್ಟೂ ತನ್ನ ನಿರ್ದೇಶನಗಳನ್ನು ವಾಪಸು ಪಡೆಯಿತು. ನನ್ನ ಪ್ರಕಾರ ಇದು ಸ್ವತಂತ್ರ ಭಾರತದಲ್ಲಿ ಕೇರಿ ಮಾಡಿದ ದೊಡ್ಡ ಕಾನೂನು ವಿಮರ್ಶೆ. ಓದಲು ಬಾರದವರೂ ಆ ತೀರ್ಪನ್ನು ಓದಿದರು.

5

ಇಲ್ಲೇ ನಮ್ಮ ಕಷ್ಟವೂ ಇದೆ, ಅದನ್ನು ಮುಚ್ಚಿಡಬಾರದು. ತರಗತಿಯಲ್ಲಿ ಈ ವಿಷಯ ಬಂದಾಗ ಒಬ್ಬ ವಿದ್ಯಾರ್ಥಿ ಕೇಳಿದ: “ಸಾರ್, ಅಟ್ರಾಸಿಟಿ ಕಾಯ್ದೇಲೂ ನಿರೀಕ್ಷಣಾ ಜಾಮೀನಿಲ್ಲ. ಅದು ಬೇಕು ಅಂತೀರಿ, ಇದು ಬೇಡ ಅಂತೀರಿ. ಹೆಂಗೆ?” ನ್ಯಾಯವಾದ ಪ್ರಶ್ನೆ. ಕಠಿಣ ಕಾಯ್ದೆಗಳೆಲ್ಲ ಕೆಟ್ಟವು ಅಂದುಬಿಟ್ಟರೆ ಉದಾರವಾದಿ ಗೆಳೆಯರಿಗೆ ಸಮಾಧಾನ, ನಮಗೆ ನಷ್ಟ. ನಮಗೆ ಬೇಕಾದದ್ದು ವಿಂಗಡಣೆ.

ದೌರ್ಜನ್ಯ ತಡೆ ಕಾಯ್ದೆ ಕೃತ್ಯಗಳನ್ನು ಹೆಸರು ಹಿಡಿದು ಹೇಳುತ್ತದೆ: ಬೆತ್ತಲೆ ಮೆರವಣಿಗೆ, ನೀರು ಕೆಡಿಸುವುದು, ಭೂಮಿ ಕಸಿಯುವುದು, ಓಟು ಹಾಕದಂತೆ ತಡೆಯುವುದು. ಯಾರು ಯಾರ ಮೇಲೆ ಅನ್ನುವುದು ಅಲ್ಲಿ ಸ್ಪಷ್ಟ. ನಿರೀಕ್ಷಣಾ ಜಾಮೀನಿಗೆ ತಡೆಯಿದೆ ನಿಜ, ಯಾಕೆಂದರೆ ಹೊರಗಿರುವ ಗೌಡ ಸಾಕ್ಷಿಯ ಬಾಯಿ ಮುಚ್ಚಿಸಬಲ್ಲ. ಆದರೆ ಬಂಧನದ ನಂತರ ಎಲ್ಲರ ಹಾಗೆ ಜಾಮೀನು ಕೇಳಬಹುದು. ಅಷ್ಟಲ್ಲದೆ ಈ ಕಾಯ್ದೆಯಲ್ಲೇ ಪರಿಶೀಲನೆ ಹೊಲಿದುಕೊಂಡಿದೆ. 21ನೇ ಕಲಮಿನಂತೆ ಕೇಂದ್ರ ಸರ್ಕಾರ ಪ್ರತಿವರ್ಷ ಎರಡೂ ಸದನದ ಮುಂದೆ ವರದಿ ಇಡಬೇಕು. 1995ರ ನಿಯಮಗಳಂತೆ ಜಿಲ್ಲೆಗೊಂದು ಜಾಗೃತಿ ಸಮಿತಿ ಮೂರು ತಿಂಗಳಿಗೊಮ್ಮೆ ಸೇರಬೇಕು. ಸೇರುತ್ತದೋ ಇಲ್ಲವೋ, ಆ ಜಗಳ ಬೇರೆ. ಕೇಳುವ ಹಕ್ಕು ಪಠ್ಯದಲ್ಲಿದೆ.

ಯುಎಪಿಎ ಇದರ ತಿರುವುಮುರುವು. ಅಲ್ಲಿ ಕೃತ್ಯಕ್ಕಿಂತ ಉದ್ದೇಶ, ಸಂಪರ್ಕ, ಸದಸ್ಯತ್ವ ದೊಡ್ಡವು. ಚಾರ್ಜ್‌ಶೀಟ್ ಇಲ್ಲದೆ 180 ದಿನದವರೆಗೆ ಒಳಗಿಡಬಹುದು. ಪೊಲೀಸರ ಕಾಗದ ನೋಡಿ ಆರೋಪ ಮೇಲ್ನೋಟಕ್ಕೆ ನಿಜ ಅನ್ನಿಸಿದರೆ ಜಾಮೀನು ಕೊಡುವಂತಿಲ್ಲ. 2019ರ ವಟಾಲಿ ತೀರ್ಪು, ಆ ಕಾಗದವನ್ನು ಆಳವಾಗಿ ಕೆದಕಬೇಡಿ ಅಂತ ಕೋರ್ಟುಗಳಿಗೆ ಹೇಳಿತು. 2021ರ ನಜೀಬ್ ತೀರ್ಪು, ವಿಚಾರಣೆ ವರ್ಷಗಟ್ಟಲೆ ಎಳೆದರೆ ಜಾಮೀನು ಕೊಡಬಹುದು ಅಂತ ಒಂದು ಕಿಂಡಿ ತೆರೆಯಿತು. ವರ್ಷಗಳು ಕಳೆದ ಮೇಲೆ! ಸಂಪರ್ಕವೇ ಅಪರಾಧ ಅನ್ನುವ ತರ್ಕ ನಮಗೆ ಹೊಸದಲ್ಲ. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಇಡೀ ಜಾತಿಗಳನ್ನೇ ಹುಟ್ಟಿನಿಂದ ಕಳ್ಳರನ್ನಾಗಿ ಮಾಡಿತ್ತು. ಅದು ರದ್ದಾಗಲು 1952 ಬರಬೇಕಾಯಿತು.

ಅಂಬೇಡ್ಕರರ ಹೆಸರನ್ನು ಇಲ್ಲಿ ಎಳೆಯುವವರಿದ್ದಾರೆ. ಮುಂಜಾಗ್ರತಾ ಬಂಧನವನ್ನು ಸಂವಿಧಾನದಲ್ಲಿ ಒಪ್ಪಿದವರು ಅವರೇ ಅಲ್ಲವೇ ಅಂತ. ಒಪ್ಪಿದರು. ಆದರೆ 1949ರ ಸೆಪ್ಟೆಂಬರ್ 15ರಂದು ಇವತ್ತಿನ 22ನೇ ವಿಧಿಯ ಕರಡನ್ನು ಮಂಡಿಸಿದಾಗ, ಜೀವ ಮತ್ತು ಸ್ವಾತಂತ್ರ್ಯದ ವಿಧಿಯಲ್ಲಿ ಬಿಟ್ಟುಹೋದ ರಕ್ಷಣೆಯನ್ನು ಒಂದಿಷ್ಟಾದರೂ ತುಂಬಿಕೊಡುವುದಕ್ಕಾಗಿ ಇದನ್ನು ತರುತ್ತಿದ್ದೇನೆ ಅನ್ನುವುದು ಅವರ ವಾದವಾಗಿತ್ತು. ಬಂಧಿಸಿದ ಕಾರಣ ಹೇಳಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು, ಮುಂಜಾಗ್ರತಾ ಬಂಧನ ಮೂರು ತಿಂಗಳು ದಾಟಬೇಕಾದರೆ ಸಲಹಾ ಮಂಡಳಿ ನೋಡಬೇಕು. ಅವರು ಕಟ್ಟಿದ್ದು ಅಧಿಕಾರಕ್ಕೆ ಬೇಲಿ. ನಂತರದವರು ಬೇಲಿ ಕಿತ್ತು ಹೊಲ ತಮ್ಮದು ಅಂದರು.

1994ರ ಕರ್ತಾರ್ ಸಿಂಗ್ ತೀರ್ಪನ್ನೂ ಈ ಬೆಳಕಿನಲ್ಲಿ ಓದಬೇಕು. ಪೊಲೀಸ್ ಅಧಿಕಾರಿಯ ಮುಂದೆ ಕೊಟ್ಟ ತಪ್ಪೊಪ್ಪಿಗೆ ಸಾಕ್ಷ್ಯವಾಗುವುದಿಲ್ಲ ಅನ್ನುವುದು ಬ್ರಿಟಿಷರ ಕಾಲದ ಸಾಕ್ಷ್ಯ ಕಾಯ್ದೆ. ಟಾಡಾದ 15ನೇ ಕಲಮು ಅದನ್ನು ಮುರಿಯಿತು. ಐವರ ಪೀಠದಲ್ಲಿ ಮೂವರು ಆ ಕಲಮನ್ನು ಒಪ್ಪಿದರು. ಒಪ್ಪದ ಇಬ್ಬರಲ್ಲಿ ಒಬ್ಬರು ಕೆ. ರಾಮಸ್ವಾಮಿ, ಸುಪ್ರೀಂಕೋರ್ಟಿಗೆ ಬಂದ ಬೆರಳೆಣಿಕೆಯ ದಲಿತ ನ್ಯಾಯಮೂರ್ತಿಗಳಲ್ಲಿ ಒಬ್ಬರು. ಇನ್ನೊಬ್ಬರು ಆರ್.ಎಂ. ಸಹಾಯ್. ರಾಮಸ್ವಾಮಿಯವರು ದಲಿತರಾದ್ದರಿಂದಲೇ ಹಾಗೆ ಬರೆದರು ಅಂತ ನಾನು ಹೇಳಲಾರೆ. ಪೊಲೀಸ್ ಠಾಣೆಯಲ್ಲಿ ತಪ್ಪೊಪ್ಪಿಗೆ ಹೇಗೆ ಹುಟ್ಟುತ್ತದೆ ಅನ್ನುವುದು ಮಾತ್ರ ಈ ನಾಡಿನ ಪ್ರತಿ ಕೇರಿಗೂ ಗೊತ್ತು.

6

ಸಾಹಿತ್ಯದ ಪತ್ರಿಕೆಯಲ್ಲಿ ಇದೆಲ್ಲ ಯಾಕೆ ಅನ್ನುವವರಿಗೆ ಕೊನೆಯ ಉದಾಹರಣೆ. ಭೀಮಾ ಕೋರೆಗಾಂವ್ ಕದನಕ್ಕೆ ಇನ್ನೂರು ವರ್ಷವಾದ ನೆನಪಿಗೆ 2017ರ ಡಿಸೆಂಬರ್ 31ರಂದು ಪುಣೆಯ ಶನಿವಾರವಾಡೆಯ ಮುಂದೆ ಎಲ್ಗಾರ್ ಪರಿಷತ್ ನಡೆಯಿತು. ಮರುದಿನ ಕೋರೆಗಾಂವ್‌ಗೆ ಹೋದ ದಲಿತರ ಮೇಲೆ ಕಲ್ಲು ಬಿತ್ತು. ಒಂದು ವಾರದ ನಂತರ ಪುಣೆಯಲ್ಲಿ ದಾಖಲಾದ ದೂರು ಪರಿಷತ್ತಿನ ಹಾಡು, ಭಾಷಣ, ರೂಪಕಗಳ ಮೇಲೆ. ಅಲ್ಲಿಂದ ಶುರುವಾದದ್ದು ಯುಎಪಿಎಗೆ ಬಂದು, 2020ರ ಹೊತ್ತಿಗೆ ಹದಿನಾರು ಜನ ಒಳಗೆ. ಅವರಲ್ಲಿ ಕಬೀರ್ ಕಲಾ ಮಂಚ್‌ನ ಹಾಡುಗಾರರಿದ್ದರು. ಪತ್ರಿಕೆ ನಡೆಸುತ್ತಿದ್ದ ಸುಧೀರ್ ಢವಳೆ ಇದ್ದರು. ಅವರು 2011ರಲ್ಲೂ ಇದೇ ಕಾಯ್ದೆಯಡಿ ಬಂಧಿತರಾಗಿ, ಮೂರು ವರ್ಷಕ್ಕೂ ಹೆಚ್ಚು ಜೈಲಿನಲ್ಲಿದ್ದು 2014ರಲ್ಲಿ ಖುಲಾಸೆಯಾಗಿದ್ದವರು. ಎರಡನೇ ಸಲ ಜಾಮೀನು ಸಿಗಲು 2025ರ ಜನವರಿ ಬರಬೇಕಾಯಿತು. ಆನಂದ ತೇಲ್ತುಂಬ್ಡೆ ಜೈಲಿಗೆ ಹೋದದ್ದು 2020ರ ಏಪ್ರಿಲ್ 14ರಂದು, ಅಂಬೇಡ್ಕರ್ ಜಯಂತಿಯ ದಿನ. ಹೊರಗೆ ಬಂದದ್ದು 2022ರ ನವೆಂಬರ್ 26ರಂದು, ಸಂವಿಧಾನ ದಿನ. ಆದಿವಾಸಿಗಳ ನಡುವೆ ಕೆಲಸ ಮಾಡಿದ 84 ವರ್ಷದ ಸ್ಟ್ಯಾನ್ ಸ್ವಾಮಿ 2021ರ ಜುಲೈ 5ರಂದು ಬಂಧನದಲ್ಲಿರುವಾಗಲೇ ಆಸ್ಪತ್ರೆಯಲ್ಲಿ ತೀರಿಕೊಂಡರು.

ಆ ದೂರಿನಲ್ಲಿ ಪೊಲೀಸರು ಮಾಡಿದ್ದು ಸಾಹಿತ್ಯ ವಿಮರ್ಶೆಯೇ, ಕೆಟ್ಟ ವಿಮರ್ಶೆ. ಪ್ರತಿಮೆಯನ್ನು ಪಿತೂರಿ ಅಂತ ಓದಿದರು. ನಮ್ಮ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ 1975ರಲ್ಲಿ, ತುರ್ತುಪರಿಸ್ಥಿತಿಯ ವರ್ಷದಲ್ಲಿ ಬಂತು. ಆ ಹಾಡುಗಳನ್ನು ಹಾಡಿಕೊಂಡೇ ನಮ್ಮ ಹಿಂದಿನ ತಲೆಮಾರು ಚಳವಳಿ ಕಟ್ಟಿತು. ಇವತ್ತು ಅಂಥ ಸಂಕಲನವೊಂದು ಒಬ್ಬ ಎಸ್.ಪಿ.ಯ ಮೇಜಿನ ಮೇಲೆ ಬಿದ್ದರೆ ಅದರ ಸಿಟ್ಟು ಯಾವ ಕಲಮಿನಡಿ ಬರುತ್ತದೆ? ಹೊಸದಾಗಿ ಬರೆಯುತ್ತಿರುವ ಹುಡುಗ ಹುಡುಗಿಯರು ಒಂದು ಸಾಲು ಬರೆದು ಹೊಡೆದುಹಾಕುವಾಗ ಅವರ ಕೈ ತಡೆಯುವುದು ಕಾವ್ಯಮೀಮಾಂಸೆಯೋ ಕಾನೂನೋ? ಇದು ವಿಮರ್ಶಕನ ಪ್ರಶ್ನೆ ಅಲ್ಲದಿದ್ದರೆ ಮತ್ಯಾವುದು?

7

ನಮಗೆ ಬೇಕಾದ ಪರಿಶೀಲನೆ ಯಾವುದು ಅಂತ ಹೇಳದೆ ಮುಗಿಸಿದರೆ ಇದೂ ಬರೀ ಆಕ್ರೋಶವಾಗುತ್ತದೆ. ಒಂದು, ಗಡುವು ವಾಪಸು ಬರಬೇಕು. ಗಡುವು ಮುಗಿದಾಗ ಬಾಕಿ ಕೇಸುಗಳ ಗತಿ ಏನು ಅನ್ನುವುದೂ ಅದರಲ್ಲೇ ಇರಬೇಕು. ಮೈಸೂರು ಜೈಲಿನ ಪಾಠ ಅದು. ಎರಡು, ದೌರ್ಜನ್ಯ ತಡೆ ಕಾಯ್ದೆಯ ಹಾಗೆ ಯುಎಪಿಎ ಮೇಲೂ ಪ್ರತಿವರ್ಷ ಸದನಕ್ಕೆ ವರದಿ ಬರಬೇಕು. ಬ್ರಿಟನ್ನಿನಲ್ಲಿ ಈ ಕೆಲಸಕ್ಕೇ ಸರ್ಕಾರದ ಹೊರಗಿನ ಒಬ್ಬ ಸ್ವತಂತ್ರ ಪರಿಶೀಲಕ ಇದ್ದಾರೆ. ಮೂರು, ಆ ವರದಿಯಲ್ಲಿ ಬಂಧಿತರ ಜಾತಿ, ಬುಡಕಟ್ಟು, ಧರ್ಮದ ಲೆಕ್ಕ ಇರಬೇಕು. ದೇಶದ ವಿಚಾರಣಾಧೀನ ಕೈದಿಗಳಲ್ಲಿ ಸುಮಾರು ಐದರಲ್ಲಿ ಒಬ್ಬರು ಪರಿಶಿಷ್ಟ ಜಾತಿಯವರು. ಜನಸಂಖ್ಯೆಯಲ್ಲಿ ನಮ್ಮ ಪಾಲು 2011ರ ಜನಗಣತಿಯಂತೆ ನೂರಕ್ಕೆ 16.6. ನಾಲ್ಕು, ವರ್ಷಗಟ್ಟಲೆ ಒಳಗಿದ್ದು ಖುಲಾಸೆಯಾದವರಿಗೆ ಪರಿಹಾರ ಹಕ್ಕಾಗಬೇಕು, ಆಯೋಗದ ದಯೆಯಾಗಬಾರದು.

ಇವು ಸಣ್ಣ ಬೇಡಿಕೆಗಳು ಅಂತ ಕ್ರಾಂತಿಕಾರಿ ಗೆಳೆಯರು ನಗಬಹುದು. ಆದರೆ 2018ರ ಏಪ್ರಿಲ್‌ನಲ್ಲಿ ಬೀದಿಗೆ ಬಂದವರು ಕೇಳಿದ್ದೂ ಒಂದು ಕಾಯ್ದೆಯ ಒಂದೆರಡು ಕಲಮುಗಳನ್ನೇ. ಆ ಜನ ಒಂದು ಕಾಯ್ದೆಯನ್ನು ಉಳಿಸಿಕೊಳ್ಳಲು ತೋರಿಸಿದ ಎಚ್ಚರವನ್ನು ಇನ್ನೊಂದನ್ನು ಪ್ರಶ್ನಿಸಲೂ ತೋರಿಸಬಲ್ಲರು. ಅದಕ್ಕೆ ಮೊದಲು ಆ ಇನ್ನೊಂದು ಪಠ್ಯ ಅವರ ಭಾಷೆಯಲ್ಲಿ ಅವರ ಕೈಗೆ ಸಿಗಬೇಕು. ಸಂಘದ ಅಧ್ಯಯನ ಶಿಬಿರಗಳಲ್ಲಿ ಕವಿತೆಯ ಪಕ್ಕದಲ್ಲಿ 15ನೇ ಕಲಮನ್ನೂ ಇಟ್ಟು ಓದಿಸಿ. ‘ಜನರ ಯಾವುದೇ ಒಂದು ವರ್ಗ’ ಅನ್ನುವ ಕಡೆ ನಿಲ್ಲಿಸಿ, ಆ ವರ್ಗ ಯಾವುದು ಅಂತ ಕೇಳಿ. ಉತ್ತರ ಕೇರಿಯಿಂದಲೇ ಬರುತ್ತದೆ.